ಕಣ್ಣಲ್ಲಿ ಗ್ಯಾಸ್ ಗುಳ್ಳೆ ಇದೆ, ಸೈಕಲ್ ಯಾವಾಗ ಹತ್ತಬಹುದು?

ಉಡುಪಿ ಪೆಡಲ್:
ವಯಸ್ಸು 46. ಬಲಗಣ್ಣಿನ ರೆಟಿನಾ ಕಳಚಿಕೊಂಡು 18 ದಿನದ ಹಿಂದೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ವಿಟ್ರೆಕ್ಟಮಿ ಮಾಡಿ, ಅಂದರೆ ಕಣ್ಣೊಳಗಿನ ಲೋಳೆ ತೆಗೆದು, ರೆಟಿನಾ ಒತ್ತಿ ಹಿಡಿಯಲು ಒಳಗೆ ಸಿ3ಎಫ್8 ಅನ್ನುವ ಗ್ಯಾಸ್ ತುಂಬಿದ್ದಾರೆ. ಮೊದಲ ವಾರ ಪೂರ್ತಿ ಬೋರಲು ಮಲಗಿದ್ದೆ, ಅಮ್ಮನ ಮನೆಯ ನೆಲದಲ್ಲಿ ಎಷ್ಟು ಟೈಲ್ಸ್ ಇದೆ ಅಂತ ಈಗ ಬಾಯಿಪಾಠ. ಸದ್ಯಕ್ಕೆ ಬರೀ ವಾಕಿಂಗ್. ಮೊದಲು ಊರಿಗೆ ಬಂದಾಗಲೆಲ್ಲ ಭಾನುವಾರ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತಿ ಬರುತ್ತಿದ್ದವನಿಗೆ ಇದು ಜೈಲಿನ ಹಾಗೆ ಆಗಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ವಿಮಾನ ಬೇಡ, ಭಾರ ಎತ್ತಬೇಡಿ ಅಂತಿದೆ. ಸೈಕಲ್ ಬಗ್ಗೆ ಕೇಳಿದರೆ ‘ಸ್ವಲ್ಪ ದಿನ ಹೋಗಲಿ’ ಅಂದರು. ಸ್ವಲ್ಪ ಅಂದರೆ ಎಷ್ಟು ಮಾರಾಯ್ರೇ? ಮನೆಯಲ್ಲಿ ಟ್ರೈನರ್ ಮೇಲೆ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ತುಳಿಯಬಹುದಾ? ಬರುವ ಶನಿವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದೇನೆ, ಅಷ್ಟರಲ್ಲಿ ಒಂದು ಅಂದಾಜು ಸಿಕ್ಕರೆ ಸಾಕು.

ಹಳೇ ಗೇರ್:
ಹೆದರಬೇಡಿ ಸರ್. ನನಗೆ ಹೋದ ವರ್ಷ ಪೊರೆ ಆಪರೇಷನ್ ಆಗಿತ್ತು, ಮೂರನೇ ವಾರಕ್ಕೆ ಡಾಕ್ಟರ್ ಸೈಕಲ್ ತುಳಿಯಿರಿ ಅಂದರು, ಏನೂ ಆಗಲಿಲ್ಲ. ಅಲ್ಲಿವರೆಗೆ ಬೇಜಾರಾದರೆ ಸುಮ್ನೆ ಕಾರಲ್ಲಿ ಆಗುಂಬೆಗೆ ಹೋಗಿ ಸೂರ್ಯಾಸ್ತ ನೋಡಿಕೊಂಡು ಬನ್ನಿ.

ಶಿರಸಿ ಸವಾರ:
ಅಯ್ಯೋ, ಕಾರಲ್ಲೂ ಹೋಗಬೇಡಿ! ಪೊರೆ ಬೇರೆ, ಇದು ಬೇರೆ. ಮೂರು ವರ್ಷದ ಹಿಂದೆ ನನಗೂ ಇದೇ ಆಪರೇಷನ್ ಆಗಿತ್ತು, ಅದಕ್ಕೇ ಹೇಳುತ್ತಿದ್ದೇನೆ. ನೀವು ಸೈಕಲ್ ಬಗ್ಗೆ ಇಷ್ಟೆಲ್ಲ ಕೇಳಿ ಬಸ್ ವಿಷಯ ಕೊನೆಗೆ ಒಂದು ಸಾಲಲ್ಲಿ ಹಾಕಿದ್ದೀರಿ, ನನಗೆ ಭಯ ಆಗಿದ್ದು ಅದನ್ನು ಓದಿ. ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ವಾ? ನಿಮ್ಮ ಕಣ್ಣೊಳಗಿನ ಗ್ಯಾಸೂ ಹಾಗೇ. ನೀವಿರುವುದು ಸಮುದ್ರದ ಮಟ್ಟದಲ್ಲಿ, ಸಕಲೇಶಪುರ ಮತ್ತು ಬೆಂಗಳೂರು ಎರಡೂ 900 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಪ್ಯಾಕೆಟ್ ಆದರೆ ಉಬ್ಬುತ್ತದೆ, ಕಣ್ಣುಗುಡ್ಡೆ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಒಳಗಿನ ಒತ್ತಡ ಏರುತ್ತದೆ. ಜಾಸ್ತಿಯಾದರೆ ನೋವು, ದೃಷ್ಟಿ ಮಂಕು, ರಕ್ತ ಓಡಾಟ ನಿಂತು ಕಣ್ಣೇ ಹೋಗಬಹುದು. ವಿಮಾನ ಬೇಡ ಅಂದಿದ್ದು ಇದಕ್ಕೇ, ಘಾಟಿ ಅಂತ ಚೀಟಿಯಲ್ಲಿ ಬರೆದಿಲ್ಲ ಅಷ್ಟೇ. ರೈಲಲ್ಲಿ ಹೋದರೂ ಸುಬ್ರಹ್ಮಣ್ಯ ಘಾಟಿ ಹತ್ತಲೇಬೇಕು. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ.

ಒಪಿಡಿ ಅಕ್ಕ:
ಕಣ್ಣಾಸ್ಪತ್ರೆಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಶಿರಸಿಯವರು ಹೇಳಿದ್ದು ಸರಿ. ಸಿ3ಎಫ್8 ಕರಗಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಎಸ್‌ಎಫ್6 ಅನ್ನುವ ಇನ್ನೊಂದು ಗ್ಯಾಸ್ ಆಗಿದ್ದರೆ ಬೇಗ, ಎರಡು ವಾರದ ಆಸುಪಾಸು. ಗ್ಯಾಸ್ ಬದಲು ಸಿಲಿಕೋನ್ ಎಣ್ಣೆ ಹಾಕಿದವರಿಗೆ ಈ ಎತ್ತರದ ತೊಂದರೆ ಇಲ್ಲ. ಇನ್ನೊಂದು ವಿಷಯ: ಗ್ಯಾಸ್ ಇರುವಾಗ ಹಲ್ಲಿಗೋ ಬೇರೆ ಯಾವುದಕ್ಕೋ ಅರಿವಳಿಕೆ ಕೊಡುವುದಾದರೆ ಮೊದಲೇ ಹೇಳಿಬಿಡಿ, ನೈಟ್ರಸ್ ಆಕ್ಸೈಡ್ ಅನ್ನುವ ಅರಿವಳಿಕೆ ಗ್ಯಾಸ್ ಕೂಡದು. ಟ್ರೈನರ್ ಯಾವಾಗ ಅಂತ ನಿಮ್ಮ ರೆಟಿನಾ ನೋಡಿದ ಡಾಕ್ಟರೇ ಹೇಳಬೇಕು. ಅವರು ಸರಿ ಅಂದ ಮೇಲೂ ಬೆನ್ನು ನೆಟ್ಟಗಿಟ್ಟುಕೊಂಡು ನಿಧಾನ ತುಳಿಯಿರಿ, ಉಸಿರು ಬಿಗಿಹಿಡಿದು ತಿಣುಕಬೇಡಿ, ಬೆವರು ಕಣ್ಣಿಗೆ ಇಳಿಯದ ಹಾಗೆ ಹಣೆಗೆ ಪಟ್ಟಿ ಕಟ್ಟಿ. ಯೋಗ ಮಾಡುವವರಾದರೆ ಶೀರ್ಷಾಸನ ಮರೆತುಬಿಡಿ. ಮಿಂಚು ಹೊಡೆದ ಹಾಗೆ ಕಂಡರೆ, ಹೊಸ ಕಪ್ಪು ಚುಕ್ಕೆ ಬಂದರೆ, ಪಕ್ಕದಿಂದ ಪರದೆ ಎಳೆದ ಹಾಗೆ ಆದರೆ ಅವತ್ತೇ ತೋರಿಸಿ. ಅಂದ ಹಾಗೆ ಈಗ ಗುಳ್ಳೆ ಎಲ್ಲಿವರೆಗೆ ಕಾಣುತ್ತಿದೆ?

ಉಡುಪಿ ಪೆಡಲ್:
ಮೇಲೆ ಸ್ವಲ್ಪ ತಿಳಿಯಾಗಿದೆ ಅಕ್ಕ, ಕೆಳಗೆಲ್ಲ ಬಾಲ್ದಿಯ ನೀರು ಕುಲುಕಿದ ಹಾಗೆ. ಅಂದರೆ ಆ ಕಣ್ಣಿಗೆ ರಸ್ತೆ ಇರುವ ಕಡೆಯೇ ಕಾಣುವುದಿಲ್ಲ. ಬಲಗಡೆಯಿಂದ ಓವರ್‌ಟೇಕ್ ಮಾಡುವ ಬಸ್ಸೂ ಅಷ್ಟೇ. ನಿನ್ನೆ ಲೋಟಕ್ಕೆ ಚಾ ಬಗ್ಗಿಸಲು ಹೋಗಿ ಮೇಜಿಗೆ ಸುರಿದೆ, ಹಂಪು ಎಷ್ಟು ದೂರ ಇದೆ ಅಂತ ಹೇಗೆ ಗೊತ್ತಾಗಬೇಕು! ಡಾಕ್ಟರಿಗೆ ಫೋನ್ ಮಾಡಿದೆ. ಬಸ್ ಅಂದ ಕೂಡಲೇ ಬೈದರು. ಗುಳ್ಳೆ ಪೂರ್ತಿ ಹೋಗುವ ತನಕ ಘಾಟಿ ಹತ್ತುವ ಹಾಗಿಲ್ಲ, ಟ್ರೈನರ್ ಬಗ್ಗೆ ಮುಂದಿನ ಚೆಕಪ್‌ನಲ್ಲಿ ನೋಡೋಣ ಅಂದರು. ಟಿಕೆಟ್ ಕ್ಯಾನ್ಸಲ್ ಮಾಡಿ, ಇಲ್ಲಿಂದಲೇ ಕೆಲಸ ಮಾಡುತ್ತೇನೆ ಅಂತ ಆಫೀಸಿಗೆ ಬರೆದಿದ್ದೇನೆ. ಅಮ್ಮನಿಗೆ ಮಾತ್ರ ಭಾರೀ ಖುಷಿ.

ಹಳೇ ಗೇರ್:
ನನ್ನ ಮಾತು ವಾಪಸ್ ತಗೊಂಡೆ ಸರ್. ಸೂರ್ಯಾಸ್ತ ಮಲ್ಪೆ ಬೀಚಿನಲ್ಲೇ ನೋಡಿ.