ಹಳೇ ವ್ಯಾನ್: ಕೂಲಂಟ್ ಕಡಿಮೆ ಆಗ್ತಿದೆ, ಕೆಳಗೆ ಒಂದು ಹನಿಯೂ ಇಲ್ಲ. ಎಲ್ಲಿ ಹೋಗ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ವ್ಯಾನಿಗೆ ಈಗ 19 ವರ್ಷ. 2,40,000 ಕಿಲೋಮೀಟರ್ ಓಡಿದೆ. ಪೆಟ್ರೋಲ್ ಎಂಜಿನ್, ಮುಂದಿನ ಸೀಟಿನ ಕೆಳಗೇ ಇದೆ. ರೇಡಿಯೇಟರ್ ಮುಂದೆ, ಬಂಪರಿನ ಹಿಂದೆ. ಅಪ್ಪ ಓಡಿಸುತ್ತಿದ್ದ ಗಾಡಿ ಇದು. ಮಾರುವ ಮಾತೇ ಇಲ್ಲ.

ಎರಡು ತಿಂಗಳಿಂದ ಕೂಲಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಕಡಿಮೆ ಆಗುತ್ತಿದೆ. 300 ಕಿಲೋಮೀಟರಿಗೆ ಹೆಚ್ಚುಕಮ್ಮಿ ಅರ್ಧ ಲೀಟರ್. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟು ನೋಡಿದೆ. ಬೆಳಗ್ಗೆ ಅದು ಹಾಗೇ ಒಣಗಿರುತ್ತದೆ. ಪಕ್ಕದ ಬಾಟಲಿಯಲ್ಲಿ ಮಟ್ಟ ಸರಿಯಾಗಿದೆ. ಆದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಖಾಲಿ! ಇದು ನನಗೆ ಅರ್ಥವೇ ಆಗುತ್ತಿಲ್ಲ. ದೂರ ಓಡಿಸಿ ನಿಲ್ಲಿಸಿದಾಗ ಸೀಟಿನ ಕಡೆಯಿಂದ ಒಂಥರಾ ಸಿಹಿ ವಾಸನೆ ಬರುತ್ತದೆ. ಕಳೆದ ವಾರ ಏರಿನಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಹೋಯಿತು. ತಕ್ಷಣ ನಿಲ್ಲಿಸಿಬಿಟ್ಟೆ.

ಗ್ಯಾರೇಜಿನಲ್ಲಿ ಮೊದಲು ರೇಡಿಯೇಟರ್ ಬದಲಿಸಿದರು. ಮತ್ತೆ ಅದೇ ಕಥೆ. ಆಮೇಲೆ ಹೋಸ್‌ಗಳನ್ನೆಲ್ಲ ಹೊಸದು ಹಾಕಿದರು. ಮತ್ತೆ ಅದೇ. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಅದು ಹೋದರೆ ಕಾಣುವ ಗುರುತು ಯಾವುದೂ ಇಲ್ಲ. ಆಯಿಲ್ ನೋಡಿದೆ, ಹಾಲಿನಂತೆ ಬೆಳ್ಳಗಾಗಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಇನ್ನೊಬ್ಬರು, ಲೀಕ್ ನಿಲ್ಲಿಸುವ ಪುಡಿ ಬರುತ್ತದೆ, ಅದನ್ನು ಹಾಕಿ ಸುಮ್ನಿರಿ ಅಂದರು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಉತ್ತರ 1

ಸರ್, ಪುಡಿ ಖಂಡಿತ ಬೇಡ. ಅದು ತೂತು ಮುಚ್ಚುತ್ತದೋ ಇಲ್ಲವೋ, ಕೂಲಂಟ್ ಹರಿಯುವ ಹೀಟರಿನ ಸಣ್ಣ ಸಣ್ಣ ಕೊಳವೆಗಳನ್ನು ಮುಚ್ಚಬಹುದು. ನಿಮ್ಮ ಹೊಸ ರೇಡಿಯೇಟರಿಗೂ ಒಳ್ಳೆಯದಲ್ಲ. ಎಂಜಿನ್ ಬಿಚ್ಚುವುದಕ್ಕೂ ಈಗಲೇ ಒಪ್ಪಬೇಡಿ.

ನಿಮಗೆ ಅರ್ಥ ಆಗದ ಆ ಬಾಟಲಿ ವಿಷಯವೇ ದೊಡ್ಡ ಸುಳಿವು. ಎಂಜಿನ್ ಬಿಸಿಯಾದಾಗ ಕೂಲಂಟ್ ಹಿಗ್ಗಿ ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಕುಗ್ಗುತ್ತದೆ, ಆಗ ರೇಡಿಯೇಟರ್ ಬಾಟಲಿಯಿಂದ ವಾಪಸ್ ಎಳೆದುಕೊಳ್ಳಬೇಕು. ಎಲ್ಲೋ ಒಂದು ಸಣ್ಣ ತೂತಿದ್ದರೆ ಕೂಲಂಟ್ ಬದಲು ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿ. ಮುಚ್ಚಳದ ಒಳಗಿನ ಚಿಕ್ಕ ವಾಲ್ವ್ ಕೆಟ್ಟಿದ್ದರೂ ಹೀಗೇ ಆಗುತ್ತದೆ. ಆದರೆ ನಿಮಗೆ ವಾಸನೆ ಬರುತ್ತಿದೆ ಅಲ್ವಾ? ಅಂದರೆ ಕೂಲಂಟ್ ಹೊರಗೆ ಬಂದು ಬಿಸಿ ಜಾಗದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿದೆ. ರಟ್ಟಿನ ಮೇಲೆ ಹನಿ ಎಲ್ಲಿಂದ ಬರಬೇಕು?

ಪ್ರೆಶರ್ ಟೆಸ್ಟ್ ಮಾಡಿಸಿ. ಸೈಕಲ್ ಪಂಪಿನಂಥ ಕೈಪಂಪು, ಜೊತೆಗೆ ಒಂದು ಮೀಟರ್. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೂರುತ್ತದೆ. ನಿಮ್ಮ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಏನೋ ಬರೆದಿರುತ್ತದೆ, ಅದು ಮುಚ್ಚಳ ತಡೆಯುವ ಒತ್ತಡ. ಅಷ್ಟೇ ಪಂಪ್ ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ಬಿಸಿ ಇಲ್ಲದಿದ್ದರೆ ಹನಿ ಆವಿಯಾಗುವುದಿಲ್ಲ, ಕಣ್ಣಿಗೆ ಬೀಳುತ್ತದೆ. ಕಾಲು ಗಂಟೆ ಬಿಟ್ಟು ಮುಳ್ಳು ನೋಡಿ, ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ನನ್ನ ಅನುಭವ ಒಂದನ್ನು ಸೇರಿಸುತ್ತೇನೆ. ನನ್ನ ಗಾಡಿಯಲ್ಲಿ ವಾಟರ್ ಪಂಪಿನಿಂದ ಸೋರುತ್ತಿತ್ತು. ಪಂಪಿನ ಕೆಳಭಾಗದಲ್ಲಿ ಒಂದು ಚಿಕ್ಕ ರಂಧ್ರ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ಜಿನುಗಲಿ ಅಂತಲೇ ಅದನ್ನು ಇಟ್ಟಿರುವುದು. ಅದರ ಸುತ್ತ ಒಣಗಿದ ಬಣ್ಣದ ಕಲೆ ಕಂಡರೆ ಪಂಪ್ ಬದಲಿಸಬೇಕು. ನಾನು ಆ ಕಲೆಯನ್ನು ಆರು ತಿಂಗಳು ಬರೀ ಕೊಳೆ ಅಂದುಕೊಂಡಿದ್ದೆ.

ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಿದ್ದರೆ, ಅಥವಾ ಮುಂದಿನ ಗಾಜಿಗೆ ಜಿಡ್ಡಿನಂಥ ಮಂಜು ಹಿಡಿಯುತ್ತಿದ್ದರೆ ಹೀಟರ್ ಸೋರುತ್ತಿದೆ ಅಂತ.

ಹೆಡ್ ಗ್ಯಾಸ್ಕೆಟ್ ಅನುಮಾನಕ್ಕೂ ಎಂಜಿನ್ ಬಿಚ್ಚದೆಯೇ ಮಾಡುವ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವ ತುಂಬಿದ ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಎಂಜಿನ್ನಿನಲ್ಲಿ ಉರಿದ ಗ್ಯಾಸ್ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ನೀಲಿಯಾಗೇ ಉಳಿದರೆ ನಿಮಗೂ ಸ್ವಲ್ಪ ಧೈರ್ಯ ಬರುತ್ತದೆ.

ಪ್ರಶ್ನೆ ಕೇಳಿದವರು

ಸಿಕ್ತು! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮುಂದೆ ಯಾರಿಗಾದರೂ ಬೇಕಾಗಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನೀಲಿ ದ್ರವ ನೀಲಿಯಾಗೇ ಉಳಿಯಿತು. ಕಾರ್ಪೆಟ್ ಒಣಗಿದೆ. ಪಂಪಿನ ರಂಧ್ರದ ಸುತ್ತ ಕಲೆ ಇಲ್ಲ. ಸ್ನೇಹಿತರೊಬ್ಬರು ಪ್ರೆಶರ್ ಟೆಸ್ಟರ್ ಕೊಟ್ಟರು. ನನ್ನ ಮುಚ್ಚಳದ ಮೇಲೆ 0.9 ಇತ್ತು, ಅಷ್ಟೇ ಪಂಪ್ ಮಾಡಿದೆ. ಹತ್ತು ನಿಮಿಷದಲ್ಲಿ ಮುಳ್ಳು 0.6ಕ್ಕೆ ಇಳಿಯಿತು. ಸುತ್ತ ಎಲ್ಲೂ ಹನಿ ಕಾಣಲಿಲ್ಲ. ಸೀಟು ಬಿಚ್ಚಿ ತೆಗೆದು, ಮತ್ತೆ ಪಂಪ್ ಮಾಡಿ, ಟಾರ್ಚ್ ಮತ್ತು ಗಡ್ಡ ಕೆರೆಯುವ ಕನ್ನಡಿ ಹಿಡಿದು ಎಂಜಿನ್ನಿನ ಹಿಂಬದಿ ನೋಡಿದೆ. ವಾಟರ್ ಪಂಪಿನಿಂದ ಎಂಜಿನ್ ಹಿಂದಕ್ಕೆ ಹೋಗುವ ಕಬ್ಬಿಣದ ಪೈಪ್ ಇದೆ. ಅದರ ತುದಿಗೆ ಹೋಸ್ ಸೇರುವ ಕಡೆ, ಕ್ಲಾಂಪಿನ ಅಂಚಿನಿಂದ ಹನಿ ಹೊರಡುತ್ತಿತ್ತು. ನೇರ ಕೆಳಗೆ ಎಗ್ಸಾಸ್ಟ್. ಅದರ ಮೇಲೆ ಬೆಳ್ಳಗೆ ಹೊಪ್ಪಳೆ ಕಟ್ಟಿತ್ತು.

ಕ್ಲಾಂಪ್ ಬಿಗಿಯಾಗೇ ಇತ್ತು, ಹೋಸ್ ಹೊಸದು. ಬಿಚ್ಚಿ ನೋಡಿದರೆ ಪೈಪಿನ ತುದಿಯನ್ನು ತುಕ್ಕು ತಿಂದಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿಗಳು. ರಬ್ಬರು ಎಷ್ಟು ಹೊಸದಿದ್ದರೇನು, ಕೆಳಗೆ ಹೀಗಿದ್ದರೆ ಹೇಗೆ ಕೂರುತ್ತದೆ? ಅಪ್ಪ ತುಂಬಾ ವರ್ಷ ಬರೀ ನೀರು ಹಾಕಿಯೇ ಓಡಿಸಿದ್ದರು. ಕೂಲಂಟಿನಲ್ಲಿ ತುಕ್ಕು ತಡೆಯುವ ಅಂಶ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಉಜ್ಜಿ ಹೊಳಪು ಮಾಡಿ ಮತ್ತೆ ಹೋಸ್ ಹಾಕಿದರೆ ಸಾಕಾ? ಪೈಪನ್ನೇ ಬದಲಿಸಬೇಕಾ?

ಉತ್ತರ 1

ಉಗುರು ಸಿಕ್ಕಿಕೊಳ್ಳುತ್ತದೆ ಅಂದರೆ ಬದಲಿಸಿ ಸರ್. ಉಜ್ಜಿದರೆ ಕೆಲವು ತಿಂಗಳು ಬರಬಹುದು. ಆದರೆ ಹೊರಗೆ ಇಷ್ಟು ತಿಂದಿದೆ ಅಂದ ಮೇಲೆ ಒಳಗೂ ತೆಳುವಾಗಿರುತ್ತದೆ. ಒಂದು ದಿನ ದಾರಿಯಲ್ಲಿ ಒಡೆದರೆ ಆಗ ನಿಜಕ್ಕೂ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಹಳೇ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲ ಹಾಕಿ ಮುರಿದರೆ ಆ ಸಂದಿಯಲ್ಲಿ ಕೊರೆದು ತೆಗೆಯುವುದು ಬಹಳ ಕಷ್ಟ. ಪಂಪಿಗೆ ಸೇರುವ ತುದಿಯಲ್ಲಿ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಇದ್ದರೆ ಹೊಸದು ಹಾಕಿ. ಅದಕ್ಕೆ ಗ್ರೀಸ್ ಸವರಬೇಡಿ, ಈ ಜಾಗದ ರಬ್ಬರು ಸಾಮಾನ್ಯವಾಗಿ ಎಣ್ಣೆ ತಾಗಿದರೆ ಊದಿಕೊಳ್ಳುವಂಥದ್ದು. ಸ್ವಲ್ಪ ಕೂಲಂಟ್ ಸವರಿ ಒತ್ತಿದರೆ ಜಾರಿ ಕೂರುತ್ತದೆ.

ತುಂಬಿಸುವಾಗ ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಮೊದಲೇ ಬೆರೆಸಿದ್ದು ಸಿಕ್ಕರೆ ಹಾಗೇ ಹಾಕಿ. ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ. ನಿಮ್ಮಂಥ ಗಾಡಿಯಲ್ಲಿ ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಪೈಪ್ ಉದ್ದ, ಗಾಳಿ ಸಿಕ್ಕಿಕೊಳ್ಳುತ್ತದೆ. ಮೂತಿ ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿಸಿ. ಹೀಟರಿನಿಂದ ಒಂದೇ ಸಮ ಬಿಸಿ ಗಾಳಿ ಬಂದರೆ ಒಳಗಿನ ಗಾಳಿ ಹೋಗಿದೆ ಅಂತ. ಮುಚ್ಚಳವನ್ನೂ ಹೊಸದು ಹಾಕಿಬಿಡಿ. ಒತ್ತಡ ನಿಲ್ಲದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ. ಅರ್ಧಕ್ಕರ್ಧ ಬೆರಕೆ ಒತ್ತಡವಿಲ್ಲದೆ ಸುಮಾರು 107 ಡಿಗ್ರಿಗೇ ಕುದಿಯುತ್ತದೆ, ಒಳ್ಳೆಯ ಮುಚ್ಚಳ ಇದ್ದರೆ 120 ದಾಟಿದರೂ ಕುದಿಯುವುದಿಲ್ಲ.

ತೆಗೆದ ಹಳೇ ಕೂಲಂಟನ್ನು ತೆರೆದು ಇಡಬೇಡಿ. ಸಿಹಿಯಾಗಿರುತ್ತದೆ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಸಾಯಬಹುದು.

ಪ್ರಶ್ನೆ ಕೇಳಿದವರು

ಹೊಸ ಪೈಪ್ ಹಾಕಿ ಮೂರು ವಾರ ಆಯಿತು. ಒಂದು ಬೋಲ್ಟ್ ಎರಡು ರಾತ್ರಿ ಎಣ್ಣೆ ಕುಡಿದ ಮೇಲೆ ಬಂತು, ಮುರಿಯಲಿಲ್ಲ. ಸೀಟು ವಾಪಸ್ ಕೂರಿಸುವ ಮೊದಲು ಮತ್ತೆ 0.9ಕ್ಕೆ ಪಂಪ್ ಮಾಡಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ.

ಈವರೆಗೆ 620 ಕಿಲೋಮೀಟರ್ ಓಡಿಸಿದ್ದೇನೆ. ಇವತ್ತು ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದೆ. ರೇಡಿಯೇಟರ್ ಕುತ್ತಿಗೆವರೆಗೂ ತುಂಬಿತ್ತು. ಬಾಟಲಿಯಲ್ಲಿ ಮಾತ್ರ ಬೆರಳಷ್ಟು ಇಳಿದಿತ್ತು, ಉಳಿದಿದ್ದ ಗಾಳಿ ಹೊರಗೆ ಹೋಗಿ ಅದರ ಜಾಗಕ್ಕೆ ಎಳೆದುಕೊಂಡಿರಬೇಕು. ಅಷ್ಟು ತುಂಬಿಸಿದೆ. ಸಿಹಿ ವಾಸನೆ ಇಲ್ಲ. ಅದೇ ಏರನ್ನು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿದೆ, ಮುಳ್ಳು ಅರ್ಧದಲ್ಲೇ ನಿಂತಿತ್ತು.