ಕೋಹಾಗೆ 20 ರೆಕಾರ್ಡ್ ಹಾಕಿದೆ, ಹುಡುಕಿದರೆ ಒಂದೂ ಸಿಗುತ್ತಿಲ್ಲ (ಆನ್‌ಲೈನ್ ಗ್ರಂಥಾಲಯ ವಿಜ್ಞಾನ, ಮೊದಲ ಸೆಮಿಸ್ಟರ್)

ಹೊಸಪುಟ
20 ಪುಸ್ತಕಗಳ ಸೂಚಿ ಮಾಡಿ ಕೋಹಾಗೆ (ಗ್ರಂಥಾಲಯ ತಂತ್ರಾಂಶ) ಏರಿಸಬೇಕು, ಇದು ಮೊದಲ ಪ್ರಾಯೋಗಿಕ. 12 ಕನ್ನಡ, 8 ಇಂಗ್ಲಿಷ್. ಫೈಲ್ ಏರಿತು, ‘20 ರೆಕಾರ್ಡ್’ ಅಂತಲೂ ತೋರಿಸಿತು. ಹುಡುಕಿದರೆ ಸೊನ್ನೆ. ಮೂರು ಸಲ ಮತ್ತೆ ಏರಿಸಿದ್ದಾಯಿತು, ಅದೇ ಕಥೆ. ನಾಡಿದ್ದು ಸಲ್ಲಿಸಬೇಕು, ತಲೆ ಕೆಟ್ಟುಹೋಗಿದೆ. ಯಾರಾದರೂ ದಾರಿ ತೋರಿಸಿ.

ಇಂಡೆಕ್ಸ್‌ರಾಯ
ಇದು ಕೋಹಾದ ಹುಡುಕು ಯಂತ್ರ ಝೀಬ್ರಾದ್ದೇ ತೊಂದರೆ. ಕೋಹಾ ಹುಡುಕುವುದು ಡೇಟಾಬೇಸಿನಲ್ಲಲ್ಲ, ಝೀಬ್ರಾ ಕಟ್ಟಿಟ್ಟ ಇಂಡೆಕ್ಸಿನಲ್ಲಿ. ಇಂಡೆಕ್ಸರ್ ನಿಂತಿದ್ದರೆ ರೆಕಾರ್ಡ್ ಒಳಗಿದ್ದೂ ಕಾಣುವುದಿಲ್ಲ. ಟರ್ಮಿನಲ್ ತೆರೆದು ಸುಡೋ ಜೊತೆ ಕೋಹಾ-ರೀಬಿಲ್ಡ್-ಝೀಬ್ರಾ ಕೊಡಿ. ಪಕ್ಕದಲ್ಲಿ ವಿ, ಎಫ್ ಆಯ್ಕೆ ಎರಡೂ ಇರಲಿ, ಕೊನೆಗೆ ನಿಮ್ಮ ಇನ್‌ಸ್ಟನ್ಸ್ ಹೆಸರು.

ಹೊಸಪುಟ
ಕೊಟ್ಟೆ ಸರ್. ಓಡಿ ಮುಗಿಯಿತು, ದೋಷ ಏನೂ ತೋರಿಸಲಿಲ್ಲ. ಹುಡುಕಿದರೆ ಈಗಲೂ ಸೊನ್ನೆಯೇ.

ಇಂಡೆಕ್ಸ್‌ರಾಯ
ಹಾಗಾದರೆ ಝೀಬ್ರಾ ಸರ್ವರೇ ಎದ್ದಿಲ್ಲ. ಅದನ್ನು ರೀಸ್ಟಾರ್ಟ್ ಮಾಡಿ, ಮತ್ತೊಮ್ಮೆ ಪೂರ್ತಿ ರೀಬಿಲ್ಡ್.

ಹೊಸಪುಟ
ರೀಸ್ಟಾರ್ಟ್ ಮಾಡಿ ಇನ್ನೆರಡು ಸಲ ರೀಬಿಲ್ಡ್ ಆಯಿತು. ಏನೂ ಬದಲಾಗಿಲ್ಲ.

ಲೀಡರ್09
ರೀಬಿಲ್ಡ್ ಅಲ್ಲಿಗೇ ನಿಲ್ಲಿಸಿ. ತಪ್ಪು ಇಂಡೆಕ್ಸಿನಲ್ಲೋ, ಅದಕ್ಕೂ ಮೊದಲೋ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸಿಬ್ಬಂದಿ ಪುಟದಲ್ಲಿ ಪುಸ್ತಕದ ವಿವರ ತೋರಿಸುವ ವಿಳಾಸದ ಕೊನೆಗೆ ಬಿಬ್ಲಿಯೋನಂಬರ್ (ರೆಕಾರ್ಡಿನ ಕ್ರಮಸಂಖ್ಯೆ) 1 ಕೊಟ್ಟು ತೆರೆಯಿರಿ. ಪುಸ್ತಕ ಕಂಡರೆ ರೆಕಾರ್ಡ್ ಒಳಗಿದೆ, ಆಗ ಇಂಡೆಕ್ಸ್ ನೋಡೋಣ. ಕಾಣದಿದ್ದರೆ ರೆಕಾರ್ಡ್ ಒಳಗೇ ಬಂದಿಲ್ಲ, ಇಲ್ಲದ್ದನ್ನು ಝೀಬ್ರಾ ಎಲ್ಲಿಂದ ತರಬೇಕು? ಅಂದಹಾಗೆ ಏರಿಸಿದ್ದು ಯಾವ ಪುಟದಿಂದ, ಆಮೇಲೆ ಏನೇನು ಒತ್ತಿದಿರಿ, ಅದನ್ನು ನೀವು ಬರೆದೇ ಇಲ್ಲ.

ಹೊಸಪುಟ
ಅಂಥ ರೆಕಾರ್ಡೇ ಇಲ್ಲ ಅನ್ನುತ್ತಿದೆ. ಏರಿಸಿದ್ದು ‘ಸ್ಟೇಜ್ ರೆಕಾರ್ಡ್ಸ್’ ಪುಟದಿಂದ. ಫೈಲ್ ಆರಿಸಿದೆ, ಅಪ್‌ಲೋಡ್, ಸ್ಟೇಜ್, ಮುಗಿಯಿತು. ಬೇರೇನಾದರೂ ಒತ್ತಬೇಕಿತ್ತೇ?

ಲೀಡರ್09
ಹೌದು, ಉಳಿದದ್ದು ಅದೇ. ಸ್ಟೇಜ್ ಅಂದರೆ ರೆಕಾರ್ಡನ್ನು ಹಜಾರದಲ್ಲಿ ಕೂರಿಸಿದ ಹಾಗೆ, ಒಳಮನೆಗೆ ಇನ್ನೂ ಕರೆದಿಲ್ಲ. ‘ಮ್ಯಾನೇಜ್ ಸ್ಟೇಜ್ಡ್ ರೆಕಾರ್ಡ್ಸ್’ಗೆ ಹೋಗಿ. ಹಳೆಯ ಆವೃತ್ತಿಯಲ್ಲಿ ಅದು ಟೂಲ್ಸ್ ಕೆಳಗಿದೆ, ಈಗಿನದರಲ್ಲಿ ಕ್ಯಾಟಲಾಗಿಂಗ್ ಕೆಳಗೆ. ನೀವು ಏರಿಸಿದ ಕಂತುಗಳೆಲ್ಲ ಅಲ್ಲೇ ಸಾಲಾಗಿರುತ್ತವೆ. ಒಂದನ್ನು ತೆರೆದು ‘ಇಂಪೋರ್ಟ್’ ಒತ್ತಿ. ಒಂದನ್ನು ಮಾತ್ರ, ಎಲ್ಲವನ್ನೂ ಒತ್ತಿದರೆ 20 ಪುಸ್ತಕ 80 ಆದೀತು. ಒತ್ತುವ ಮೊದಲು ಅಲ್ಲೇ ಶೀರ್ಷಿಕೆಗಳನ್ನು ಓದಿ ನೋಡಿ, ಕನ್ನಡ ಸರಿಯಾಗಿದೆಯಾ ಅಂತ.

ಹೊಸಪುಟ
ಓದುವ ಮೊದಲೇ ಒತ್ತಿಬಿಟ್ಟೆ. 20 ಬಂದವು! ಆದರೆ ಕನ್ನಡದ 12ರಲ್ಲೂ ಶೀರ್ಷಿಕೆ ಇರುವಲ್ಲಿ ಏನೇನೋ ಚಿಹ್ನೆಗಳಿವೆ.

ಲಿಪ್ಯಂತರ
ಅದಕ್ಕೇ ಶೀರ್ಷಿಕೆಯ ಫೀಲ್ಡ್ 245ರಲ್ಲಿ ರೋಮನ್ ಲಿಪ್ಯಂತರ ಹಾಕಬೇಕು ಅನ್ನುವುದು. ಐಎಸ್‌ಒ 15919 (ಭಾರತೀಯ ಲಿಪಿಗಳನ್ನು ರೋಮನ್‌ನಲ್ಲಿ ಬರೆಯುವ ಮಾನದಂಡ) ಪ್ರಕಾರ ಬರೆದು, ಕನ್ನಡ ರೂಪವನ್ನು ಮೂಲಲಿಪಿಗೆಂದೇ ಇರುವ ಫೀಲ್ಡ್ 880ಕ್ಕೆ ಕೊಟ್ಟು ಸಬ್‌ಫೀಲ್ಡ್ 6ರಿಂದ ಜೋಡಿಸಿ.

ಮೂಲಲಿಪಿ
ಲಿಪ್ಯಂತರ ಅವರೇ, ಇಲ್ಲಿ ಕೆಟ್ಟಿರುವುದು ಅಕ್ಷರಗಳನ್ನು ಬೈಟುಗಳಾಗಿ ಇಡುವ ಪದ್ಧತಿ, ಅಂದರೆ ಎನ್‌ಕೋಡಿಂಗ್. ಫೀಲ್ಡ್ ಬದಲಿಸಿದರೆ ಅದೇ ಕಸ 880ರಲ್ಲಿ ಬಂದು ಕೂರುತ್ತದೆ. ರೆಕಾರ್ಡ್ ಬರೆಯುವ ಮಾನದಂಡವಾದ ಮಾರ್ಕ್ 21ರಲ್ಲಿ ಎರಡು ಮಾದರಿಗಳಿವೆ. ‘ಎ’ದಲ್ಲಿ 880 ಬೇಕು, ‘ಬಿ’ಯಲ್ಲಿ ಮೂಲಲಿಪಿ ನೇರ 245ಕ್ಕೇ ಹೋಗುತ್ತದೆ. ಕನ್ನಡ ಓದುಗರಿಗೆ ಕನ್ನಡ ಪುಸ್ತಕ ತೋರಿಸಲು ‘ಬಿ’ ಸಾಕು.

ಲಿಪ್ಯಂತರ
ಲಿಪಿ ಗೊತ್ತಿಲ್ಲದ ಗ್ರಂಥಾಲಯ ನಿಮ್ಮ ರೆಕಾರ್ಡನ್ನು ನಕಲು ಮಾಡಿಕೊಳ್ಳುವಾಗ ‘ಬಿ’ಯಿಂದ ಅವರಿಗೇನು ಸಿಗುತ್ತದೆ? ಹಂಚಿಕೊಳ್ಳುವ ಸೂಚಿಗೆ ‘ಎ’ಯೇ ಸರಿ.

ಲೀಡರ್09
ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇವರಿಗೆ ನಾಡಿದ್ದು ಸಲ್ಲಿಸಬೇಕು.

ಹೊಸಪುಟ, ಕಸ ಯಾವ ಥರದ್ದು ಅನ್ನುವುದು ಮುಖ್ಯ. ಬರೀ ಪ್ರಶ್ನಾರ್ಥಕ ಚಿಹ್ನೆಗಳಾದರೆ ಅಕ್ಷರ ಅಳಿದೇ ಹೋಗಿದೆ, ಮೂಲ ಎಕ್ಸೆಲ್‌ನಿಂದ ಮತ್ತೆ ತೆಗೆಯಬೇಕು. ಒಂದು ಕನ್ನಡ ಅಕ್ಷರ ಇರಬೇಕಾದಲ್ಲಿ ಎರಡು ಮೂರು ವಿಚಿತ್ರ ಚಿಹ್ನೆ ಬಂದಿದ್ದರೆ ಅಕ್ಷರ ಉಳಿದಿದೆ, ಓದಿದ ರೀತಿ ತಪ್ಪಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅದನ್ನು ಬೈಟಿಗೊಂದು ಅಕ್ಷರದಂತೆ ಓದಿದರೆ ಹೀಗಾಗುತ್ತದೆ.

ಹೊಸಪುಟ
ಎರಡನೆಯ ಥರದ್ದು. ಎಕ್ಸೆಲ್‌ನಿಂದ ಸಿಎಸ್‌ವಿ, ಅಲ್ಲಿಂದ ಮಾರ್ಕ್ ರೆಕಾರ್ಡ್ ಮಾಡಿಕೊಡುವ ಮಾರ್ಕ್‌ಎಡಿಟ್. ಇನ್ನೊಂದು, ಐಎಸ್‌ಬಿಎನ್ ಎಲ್ಲದರಲ್ಲೂ 9.78ಇ+12 ಅಂತ ಬಂದಿದೆ.

ಲೀಡರ್09
ಮೊದಲು ಅದೇ ಪುಟದಲ್ಲಿ ‘ಅನ್‌ಡೂ ಇಂಪೋರ್ಟ್’ ಒತ್ತಿ. 20ನ್ನೂ ಒಂದೊಂದಾಗಿ ಅಳಿಸುತ್ತ ಕೂರಬೇಡಿ.

ಎಕ್ಸೆಲ್‌ನಲ್ಲಿ ಐಎಸ್‌ಬಿಎನ್ ಕಾಲಮ್ಮಿಗೆ ‘ನಂಬರ್, ದಶಮಾಂಶ 0’ ಕೊಡಿ, 13 ಅಂಕಿಯೂ ಮರಳಿ ಕಾಣುತ್ತವೆ. ಕಣ್ಣಿಗೆ ಕಂಡದ್ದೇ ಸಿಎಸ್‌ವಿಗೆ ಹೋಗುವುದು, ಅದಕ್ಕೇ ಹಾಳಾಗಿದ್ದು. ಮುಂದೆ ಟೈಪ್ ಮಾಡುವ ಮೊದಲೇ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಡಿ, ಇಲ್ಲದಿದ್ದರೆ 10 ಅಂಕಿಯ ಹಳೆಯ ಐಎಸ್‌ಬಿಎನ್‌ಗಳ ಮೊದಲ ಸೊನ್ನೆ ಹಾರಿಹೋಗುತ್ತದೆ.

ಉಳಿಸುವಾಗ ಬರೀ ಸಿಎಸ್‌ವಿ ಬೇಡ, ‘ಸಿಎಸ್‌ವಿ ಯುಟಿಎಫ್-8’. ಮಾರ್ಕ್‌ಎಡಿಟ್‌ನ ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರಿನಲ್ಲೂ ಯುಟಿಎಫ್-8 ಗುರುತು ಹಾಕಿ. ಬಂದ ಫೈಲ್ ತೆರೆದು ರೆಕಾರ್ಡಿನ ತಲೆಯಲ್ಲಿರುವ ಲೀಡರ್ ಸಾಲು ನೋಡಿ. ಅದು 24 ಅಕ್ಷರ, ಸೊನ್ನೆಯಿಂದ ಎಣಿಸಿದರೆ 9ನೇ ಜಾಗದಲ್ಲಿ ‘ಎ’ ಇರಬೇಕು. ಖಾಲಿ ಇದ್ದರೆ ಅದು ಮಾರ್ಕ್-8 ಎಂಬ ಹಳೆಯ ಎನ್‌ಕೋಡಿಂಗ್ ಎಂದರ್ಥ. ಕೊನೆಗೆ ಎಂಆರ್‌ಕೆ ಫೈಲನ್ನು (ನಾವು ಓದಬಲ್ಲ ರೂಪ) ಕೋಹಾಗೆ ಬೇಕಾದ ಎಂಆರ್‌ಸಿಗೆ ಪರಿವರ್ತಿಸಿ, ಕೋಹಾ ಸ್ಟೇಜ್ ಪುಟದಲ್ಲೂ ಯುಟಿಎಫ್-8 ಆರಿಸಿ.

ಮೂಲಲಿಪಿ
ಇಂಡಿಕೇಟರ್ (ಫೀಲ್ಡಿನ ಆರಂಭದ ಎರಡು ಅಂಕಿ) ಕೂಡ ನೋಡಿಕೊಳ್ಳಿ. ಲೇಖಕರ ಫೀಲ್ಡ್ 100 ಇದ್ದರೆ 245ರ ಮೊದಲನೆಯದು 1, ಇಲ್ಲದಿದ್ದರೆ 0. ಎರಡನೆಯದು ಶೀರ್ಷಿಕೆಯ ಆರಂಭದಲ್ಲಿ ಬಿಡಬೇಕಾದ ಅಕ್ಷರಗಳ ಲೆಕ್ಕ. ಇಂಗ್ಲಿಷಿನ ‘ದಿ’ಗೆ ಖಾಲಿ ಜಾಗವೂ ಸೇರಿ 4. ಕನ್ನಡದಲ್ಲಿ ಅಂಥ ಪದವೇ ಇಲ್ಲ, ಹಾಗಾಗಿ 0. ಇಂಗ್ಲಿಷ್ ರೆಕಾರ್ಡ್ ನಕಲು ಮಾಡಿ ಕನ್ನಡ ತುಂಬಿದವರು ಆ 4ನ್ನು ಹಾಗೇ ಬಿಡುತ್ತಾರೆ, ಅಕಾರಾದಿ ಸಾಲು ಕೆಡುತ್ತದೆ. ಮತ್ತೆ 020 ಟ್ಯಾಗ್ ಬೇರೆ, ಡ್ಯೂಯಿ ವರ್ಗೀಕರಣದ 020 ಬೇರೆ. ಟ್ಯಾಗಿನಲ್ಲಿ ಐಎಸ್‌ಬಿಎನ್. ಗ್ರಂಥಾಲಯ ವಿಜ್ಞಾನದ ವರ್ಗಸಂಖ್ಯೆ 020 ಹೋಗುವುದು 082ಕ್ಕೆ.

ಹೊಸಪುಟ
ಎಲ್ಲ ಸರಿಹೋಯಿತು, ಕನ್ನಡ ಸ್ಪಷ್ಟವಾಗಿದೆ! ಆದರೆ ಓಪ್ಯಾಕ್‌ನಲ್ಲಿ (ಓದುಗರು ಹುಡುಕುವ ಪುಟ) ಪ್ರತಿ ಪುಸ್ತಕದ ಕೆಳಗೂ ‘ಪ್ರತಿ ಲಭ್ಯವಿಲ್ಲ’. ಮತ್ತೆ ಇಂಗ್ಲಿಷ್ ಪದಕ್ಕೆ ಫಲಿತಾಂಶ ಸಿಗುತ್ತದೆ, ಕನ್ನಡದಲ್ಲಿ ಟೈಪ್ ಮಾಡಿದರೆ ಇಲ್ಲ.

ಲೀಡರ್09
ಮೊದಲನೆಯದಕ್ಕೆ ಕಾರಣ 952 ಫೀಲ್ಡ್ ಇಲ್ಲದಿರುವುದು. ರೆಕಾರ್ಡ್ ಪುಸ್ತಕದ ವಿವರ, 952 ಕಪಾಟಿನಲ್ಲಿರುವ ಪ್ರತಿ. ಸಬ್‌ಫೀಲ್ಡ್ ಎ, ಬಿ ಎರಡಕ್ಕೂ ಗ್ರಂಥಾಲಯದ ಕೋಡ್, ಒ ಕಪಾಟಿನ ಸಂಖ್ಯೆ, ಪಿ ಬಾರ್‌ಕೋಡ್, ವೈ ಐಟಂ ಬಗೆ. ಕೋಡ್ ಕೋಹಾದಲ್ಲಿ ಇರುವಂತೆಯೇ ಇರಲಿ. ಬಾರ್‌ಕೋಡ್ ಎರಡು ಪ್ರತಿಗೆ ಒಂದೇ ಆದರೆ ಎರಡನೆಯದನ್ನು ಕೋಹಾ ಕೈಬಿಡುತ್ತದೆ. ಎರಡನೆಯ ಪ್ರಶ್ನೆಗೆ ಇಂಡೆಕ್ಸ್‌ರಾಯರು ಬರಲಿ, ಈಗ ಅದು ನಿಜಕ್ಕೂ ಝೀಬ್ರಾ.

ಇಂಡೆಕ್ಸ್‌ರಾಯ
ಬಂದೆ. ಝೀಬ್ರಾದ ರೂಢಿಯ ಅಕ್ಷರಪಟ್ಟಿ ಲ್ಯಾಟಿನ್‌ಗೆ ಹೊಂದಿಸಿದ್ದು. ಕನ್ನಡಕ್ಕೆ ಐಸಿಯು (ಎಲ್ಲ ಲಿಪಿಗಳನ್ನೂ ಬಲ್ಲ ಯುನಿಕೋಡ್ ತಂತ್ರಾಂಶ) ಬೇಕು. ಝೀಬ್ರಾ ಸಂರಚನೆಯ ಡಿಫಾಲ್ಟ್ ಡಾಟ್ ಐಡಿಎಕ್ಸ್ ಫೈಲಿನ ನಕಲು ಇಟ್ಟುಕೊಂಡು, ಪದಗಳ ಭಾಗದಲ್ಲಿ ಚಾರ್‌ಮ್ಯಾಪ್ ಸಾಲನ್ನು ಮುಚ್ಚಿ ಐಸಿಯುಚೈನ್ ಸಾಲನ್ನು ತೆರೆಯಿರಿ. ನುಡಿಗಟ್ಟಿನ ಭಾಗದಲ್ಲೂ ಅದೇ. ಝೀಬ್ರಾ ರೀಸ್ಟಾರ್ಟ್ ಮಾಡಿ, ಆಮೇಲೆ ಪೂರ್ತಿ ರೀಬಿಲ್ಡ್. ಕೋಹಾ ಸೆಟಿಂಗಿನಲ್ಲಿ ‘ಯೂಸ್ ಐಸಿಯು’ ಅಂತ ಶುರುವಾಗುವ ಆಯ್ಕೆಯನ್ನೂ ಇದಕ್ಕೆ ಹೊಂದಿಸಿ.

ಹೊಸಪುಟ
ಕನ್ನಡದ 11 ಸಿಕ್ಕವು. ಒಂದು ಮಾತ್ರ ಇಲ್ಲ.

ಮೂಲಲಿಪಿ
ಆ ಒಂದರ ಶೀರ್ಷಿಕೆಯನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದೀರಾ? ಅರ್ಕಾವೊತ್ತಿನ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಸೇರಿಕೊಂಡಿರಬಹುದು. ಆ ರೆಕಾರ್ಡಿನ 245 ಸಾಲನ್ನು ಇಲ್ಲಿ ಹಾಕಿ, ನೋಡೋಣ.