ಮೊದಲು ಚಿಪ್, ಆಮೇಲೆ ಸೂಜಿ, ಕೊನೆಗೆ ಟಿಕೆಟ್

ಗೀತಕ್ಕಾ, ನಿನ್ನ ಸಂದೇಶ ಕೇಳಿದೆ. ಆನಂದ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಓದಲು ಹೋಗುತ್ತಾನೆ, "ರಾಜಾ ಕಣ್ಣು ಕಾಣದ ಅವನಿಗೆ ದಾರಿ ತೋರಿಸುವ ನಾಯಿ, ಅದಕ್ಕೂ ಕ್ವಾರಂಟೈನ್ ಹಾಕುತ್ತಾರೆಯೇ?" ಎಂದು ಕೇಳಿದ್ದೀ.

ಹಾಕಬಹುದು ಅಕ್ಕಾ. ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ದುಡಿದವನು ಹೇಳುತ್ತಿದ್ದೇನೆ, ರೇಬೀಸ್ ನಿಯಮದಲ್ಲಿ ಸಹಾಯಕ ನಾಯಿಗೆ ವಿನಾಯಿತಿ ಇಲ್ಲ. ಸಿಗುವ ಅನುಕೂಲ ಒಂದೇ: ಬೇರೆ ನಾಯಿಗಳು ಬ್ರಿಟನ್ನಿಗೆ ಸರಕಿನ ವಿಭಾಗದಲ್ಲಿ ಇಳಿಯಬೇಕು, ರಾಜಾ ವಿಮಾನ ಕಂಪನಿ ಒಪ್ಪಿದರೆ ಆನಂದನ ಕಾಲ ಬಳಿಯೇ ಕೂರಬಹುದು. 2011ರ ಕೊನೆಯವರೆಗೆ ನಮ್ಮ ದೇಶದಿಂದ ಅಲ್ಲಿಗೆ ಹೋದ ನಾಯಿ ಆರು ತಿಂಗಳು ಕ್ವಾರಂಟೈನಿನಲ್ಲಿ ಇರಬೇಕಾಗಿತ್ತು. ಈಗ ಕಾಗದಪತ್ರ ಸರಿಯಿದ್ದರೆ ನೇರ ಮನೆಗೆ. ತಪ್ಪಿದ್ದರೆ ನಾಲ್ಕು ತಿಂಗಳವರೆಗೂ ಕೂಡಿಹಾಕಬಹುದು. ಅಷ್ಟು ದಿನ ಆ ಹುಡುಗ ಗುರುತಿಲ್ಲದ ಊರಿನಲ್ಲಿ ಯಾರನ್ನು ನಂಬಿ ರಸ್ತೆ ದಾಟಬೇಕು?

ಹೋದ ವಾರ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಬಳಿ ನೋಡಿದೆ. ಗೇಟ್ ಬೀಳುವ ಮೊದಲೇ ರಾಜಾ ನಿಂತು ಆನಂದನ ಮೊಣಕಾಲಿಗೆ ಅಡ್ಡಲಾಗಿ ಮೈ ಒತ್ತಿತು. ರೈಲು ಹೋಗುವವರೆಗೂ ಅಲುಗಲಿಲ್ಲ. ನನ್ನ ಕಣ್ಣು ತುಂಬಿತು.

ಮುಖ್ಯ ಮಾತು ಕೇಳು. ಹೋದ ದಸರೆಯಲ್ಲಿ ಹಾಕಿಸಿದ ಲಸಿಕೆ ಇದಕ್ಕೆ ಲೆಕ್ಕಕ್ಕಿಲ್ಲ, ರಾಜಾನಿಗೆ ಮೈಕ್ರೋಚಿಪ್ ಇನ್ನೂ ಇಲ್ಲವಲ್ಲ. ಅಕ್ಕಿಕಾಳಿನಷ್ಟು ಚಿಪ್ಪನ್ನು ಭುಜಗಳ ನಡುವೆ ಚರ್ಮದಡಿ ಸೇರಿಸುತ್ತಾರೆ, ಯಂತ್ರ ಹಿಡಿದರೆ 15 ಅಂಕಿಯ ಗುರುತಿನ ಸಂಖ್ಯೆ ಕಾಣುತ್ತದೆ. ಅದಾದ ಮೇಲೆ ಹಾಕಿದ ರೇಬೀಸ್ ಲಸಿಕೆಯೇ ಊರ್ಜಿತ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು, ಪ್ರತಿಕಾಯ, ಅಂದರೆ ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ರಕ್ಷಣೆ, ಮಿಲಿಲೀಟರಿಗೆ ಕನಿಷ್ಠ 0.5 ಘಟಕ ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಮ್ಮ ಓಣಿಯವರೊಬ್ಬರು ಮೊದಲು ಸೂಜಿ, ಆಮೇಲೆ ಚಿಪ್ ಹಾಕಿಸಿದರು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

ಹೊರಡುವ ಹೊತ್ತಿಗೆ ಲಾಡಿಹುಳುವಿನ ಔಷಧ ಬೇಕು, ಅಲ್ಲಿ ಇಳಿಯುವುದಕ್ಕೆ 24ರಿಂದ 120 ಗಂಟೆಗಳ ಮೊದಲು, ವೈದ್ಯರ ಕೈಯಿಂದಲೇ. ಆರೋಗ್ಯ ಪ್ರಮಾಣಪತ್ರಕ್ಕೆ ಬೆಂಗಳೂರು ಅಥವಾ ಮುಂಬೈಯ ಪ್ರಾಣಿ ಕ್ವಾರಂಟೈನ್ ಕಚೇರಿಗೆ ನಾನೇ ಜೊತೆಗೆ ಬರುತ್ತೇನೆ. ಜಪಾನ್ ಆಗಿದ್ದರೆ ರಕ್ತ ತೆಗೆದ ಮೇಲೆ 180 ದಿನ ಕಾಯಬೇಕಾಗಿತ್ತು, ಸೆಪ್ಟೆಂಬರಿನ ಮಾತೇ ಇರಲಿಲ್ಲ.

ಈಗಿನ್ನೂ ಮಾರ್ಚ್, ಸಮಯವಿದೆ. ಟಿಕೆಟ್ ತೆಗೆಸಬೇಡ. ಶನಿವಾರ ಬೆಳಿಗ್ಗೆ ರಾಜಾನನ್ನು ಕರೆದುಕೊಂಡು ನಮ್ಮ ಮನೆಗೆ ಬಾ, ಚಿಪ್ ಹಾಕಿಸಿಕೊಂಡು ಬರೋಣ. ಆನಂದನೂ ಬರಲಿ, ಸೂಜಿ ಚುಚ್ಚುವಾಗ ರಾಜಾನ ತಲೆಯ ಮೇಲೆ ಅವನ ಕೈ ಇರಲಿ.